ಕೈಯೊಳಗಿನ ಫೋನಿಗೂ ಒಂದು ಪಥ್ಯ

ಆಯುರ್ವೇದವು ರೋಗಗಳ ಮೂಲ ಕಾರಣಗಳನ್ನು ಮೂರಾಗಿ ವಿಂಗಡಿಸಿದೆ. ಇಂದ್ರಿಯಗಳು ತಮಗೆ ಒಗ್ಗದ ವಿಷಯಗಳೊಡನೆ ಕೂಡುವುದು ಮೊದಲನೆಯದು. ಅದಕ್ಕೆ ಅಸಾತ್ಮ್ಯೇಂದ್ರಿಯಾರ್ಥ ಸಂಯೋಗವೆಂದು ಹೆಸರು. ಬುದ್ಧಿ ಜಾರಿ ಅಹಿತವನ್ನೇ ಆಚರಿಸುವ ಪ್ರಜ್ಞಾಪರಾಧ ಎರಡನೆಯದು. ಋತುಮಾನಗಳ ವೈಪರೀತ್ಯದಿಂದ ಬರುವ ಪರಿಣಾಮ ಮೂರನೆಯದು. ಚರಕಸಂಹಿತೆ ಇವುಗಳನ್ನು ವಿವರಿಸಿದ ಕಾಲದಲ್ಲಿ ಮೊಬೈಲ್ ಫೋನ್ ಇರಲಿಲ್ಲ. ಆದರೂ ಇಂದು ಚಿಕಿತ್ಸಾಲಯಕ್ಕೆ ಬರುವ ಅನೇಕರ ನಿದ್ರಾಹೀನತೆ, ಕಣ್ಣುರಿ, ಕುತ್ತಿಗೆಯ ನೋವು, ಕಾರಣ ಕಾಣದ ಕಳವಳ ಇವುಗಳ ಬೇರನ್ನು ಹುಡುಕುತ್ತ ಹೋದರೆ ಮೊದಲೆರಡು ಕಾರಣಗಳೂ ಒಂದೇ ವಸ್ತುವಿನಲ್ಲಿ ಬಂದು ಕೂಡಿರುವುದು ಕಂಡುಬರುತ್ತದೆ. ಆ ವಸ್ತು ನಮ್ಮ ಅಂಗೈಯಲ್ಲಿಯೇ ಇದೆ.

ನಮ್ಮ ಕೊಣ್ಣೂರ ಘಟಪ್ರಭೆಯ ಸೀಮೆಯ ಊರು. ಸಮೀಪದ ಗೋಕಾಕ ಜಲಪಾತದ ಬಳಿ 19ನೆಯ ಶತಮಾನದ ಕೊನೆಯಲ್ಲಿ ನೂಲಿನ ಗಿರಣಿ ಆರಂಭವಾದ ಮೇಲೆ ಇಲ್ಲಿಯ ಎಷ್ಟೋ ಮನೆಗಳ ಊಟ, ನಿದ್ರೆ, ಎಚ್ಚರಗಳು ಗಿರಣಿಯ ಪಾಳಿಗೆ ಹೊಂದಿಕೊಂಡು ಬಂದವು. ರಾತ್ರಿ ಪಾಳಿ ದೇಹಕ್ಕೆ ಕಷ್ಟವೇ ಸರಿ. ಆದರೆ ಅದಕ್ಕೊಂದು ಆರಂಭವಿತ್ತು, ಒಂದು ಮುಕ್ತಾಯವಿತ್ತು. ಪಾಳಿ ಮುಗಿಸಿ ಬಂದವನನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಫೋನಿನ ಪಾಳಿಗೆ ಮುಕ್ತಾಯವೆಂಬುದೇ ಇಲ್ಲ. ನಾವಾಗಿಯೇ ಅದಕ್ಕೊಂದು ಮುಕ್ತಾಯವನ್ನು ಗೊತ್ತುಪಡಿಸಬೇಕು.

ಹಾಗೆಂದು ಫೋನನ್ನು ತ್ಯಜಿಸಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಗೃಹಲಕ್ಷ್ಮಿಯ 2000 ರೂಪಾಯಿ ಜಮೆಯಾಯಿತೇ ಎಂದು ತಿಳಿಯಲು, ಪರವೂರಿನ ಮಗಳ ಮುಖ ನೋಡಲು, ಸಂತೆಯಲ್ಲಿ ಕಾಯಿಪಲ್ಯೆಯ ಹಣ ಕೊಡಲು, ಗೋವಿನಜೋಳದ ಧಾರಣೆ ಕೇಳಲು, ಮಠದ ಪ್ರವಚನ ಆಲಿಸಲು ಅದು ಬೇಕು. ದೂರದ ರೋಗಿಯ ರಕ್ತಪರೀಕ್ಷೆಯ ವರದಿಯೂ ನನಗೆ ಅದರಲ್ಲಿಯೇ ತಲುಪುತ್ತದೆ. ಆದರೆ ಅನ್ನ ಬೇಕೆಂದು ನಾವು ಅಜೀರ್ಣವಾಗುವವರೆಗೆ ಉಣ್ಣುವುದಿಲ್ಲ; ಯಾರೋ ನೀಡಿದ್ದನ್ನೆಲ್ಲ ಮೂಸಿ ನೋಡದೆ ನುಂಗುವುದೂ ಇಲ್ಲ. ಆಹಾರಕ್ಕೆ ಇರುವ ಈ ವಿವೇಕ ಫೋನಿಗೂ ಬರಬೇಕಾಗಿದೆ.

ಡಿಜಿಟಲ್ ಸಾಕ್ಷರತೆ ಎಂಬ ಮಾತನ್ನು ಈಗ ಎಲ್ಲೆಡೆ ಕೇಳುತ್ತೇವೆ. ಯಾವ ಗುಂಡಿಯನ್ನು ಒತ್ತಿದರೆ ಏನಾಗುತ್ತದೆ ಎಂಬ ತಿಳಿವಳಿಕೆಯನ್ನೇ ಬಹುಜನ ಸಾಕ್ಷರತೆಯೆಂದು ಭಾವಿಸಿದ್ದಾರೆ. ಅದರಿಂದಾಗಿ ಹಿರಿಯರು ತಮಗೆ ಫೋನು ಬಾರದೆಂದು ಹಿಂಜರಿಯುತ್ತಾರೆ. ಕಿರಿಯರು ತಮಗೆಲ್ಲವೂ ಬರುತ್ತದೆಂದು ಬೀಗುತ್ತಾರೆ. ಅಕ್ಷರ ಕೂಡಿಸಿ ಓದಲು ಬಂದವನಿಗೆ ಗ್ರಂಥದ ಅರ್ಥವಾಯಿತೆಂದು ಹೇಳಲಾಗದಷ್ಟೇ, ಗುಂಡಿ ಒತ್ತಲು ಬಂದವನಿಗೆ ಫೋನು ಬಳಸಲು ಬಂತೆಂದೂ ಹೇಳಲಾಗದು. ಪ್ರಜ್ಞೆಗೆ ಧೀ, ಧೃತಿ, ಸ್ಮೃತಿ ಎಂಬ ಮೂರು ಅಂಗಗಳನ್ನು ನಮ್ಮ ಶಾಸ್ತ್ರ ಹೇಳುತ್ತದೆ. ಧೀ ಎಂದರೆ ಹಿತಾಹಿತಗಳನ್ನು ವಿಂಗಡಿಸುವ ಬುದ್ಧಿ. ಧೃತಿ ಎಂದರೆ ಅಹಿತದ ಕಡೆಗೆ ಓಡುವ ಮನಸ್ಸನ್ನು ತಡೆದು ನಿಲ್ಲಿಸುವ ಶಕ್ತಿ. ಸ್ಮೃತಿ ಎಂದರೆ ತಿಳಿದುದನ್ನು ಸಮಯಕ್ಕೆ ನೆನೆಯುವ ಸಾಮರ್ಥ್ಯ. ಈ ಮೂರರಲ್ಲಿ ಯಾವುದು ಜಾರಿದರೂ ಪ್ರಜ್ಞಾಪರಾಧ. ನನ್ನ ತಿಳಿವಳಿಕೆಯಲ್ಲಿ ಈ ಮೂರೂ ಕೂಡಿದ್ದೇ ನಿಜವಾದ ಡಿಜಿಟಲ್ ಸಾಕ್ಷರತೆ.

ಧೀ: ಯಾರ ಮಾತು ಪ್ರಮಾಣ?

ಔಷಧದ ವಿಷಯದಲ್ಲಿ ಮೊದಲು ನೋಡೋಣ. 2021ರ ಏಪ್ರಿಲ್‌ನಲ್ಲಿ ಕೊರೋನದ ಎರಡನೆಯ ಅಲೆ ಏರುತ್ತಿದ್ದಾಗ ಮೂಗಿಗೆ ಲಿಂಬೆರಸ ಬಿಟ್ಟುಕೊಂಡರೆ ದೇಹದ ಆಮ್ಲಜನಕದ ಪ್ರಮಾಣ ಏರುತ್ತದೆಂಬ ಮಾತು ವಿಡಿಯೋಗಳ ಮೂಲಕ ನಾಡಿನ ತುಂಬ ಹಬ್ಬಿತು. ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಶಿಕ್ಷಕರೊಬ್ಬರು ಹಾಗೆ ಮಾಡಿಕೊಂಡ ಸ್ವಲ್ಪ ಹೊತ್ತಿನಲ್ಲಿಯೇ ಅಸ್ವಸ್ಥರಾಗಿ ತೀರಿಕೊಂಡರೆಂದು ಪತ್ರಿಕೆಗಳು ವರದಿ ಮಾಡಿದವು. ಅವರು ಓದುಬರಹ ಬಲ್ಲವರು, ಮಕ್ಕಳಿಗೆ ಓದುಬರಹ ಕಲಿಸುತ್ತಿದ್ದವರು. ಆದ್ದರಿಂದ ಇದು ಅನಕ್ಷರಸ್ಥರ ಸಮಸ್ಯೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ.

ಮೂಗಿನ ಮೂಲಕ ಔಷಧ ಕೊಡುವ ನಸ್ಯಕರ್ಮ ಆಯುರ್ವೇದದಲ್ಲಿ ಉಂಟು. ಆದರೆ ಯಾವ ತೈಲ, ಎಷ್ಟು ಹನಿ, ಯಾವ ಹೊತ್ತಿನಲ್ಲಿ, ಯಾವ ರೋಗಿಗೆ ಎಂಬ ನಿಯಮ ಅದಕ್ಕಿದೆ. ಹೊಸ ನೆಗಡಿ, ಜ್ವರ ಇದ್ದವರಿಗೆ, ಊಟವಾದ ಕೂಡಲೇ, ಗರ್ಭಿಣಿಯರಿಗೆ ಅದನ್ನು ಕೊಡಬಾರದೆಂಬ ನಿಷೇಧವೂ ಇದೆ. ಹಬ್ಬುವ ವಿಡಿಯೋದಲ್ಲಿ ವಿಧಿಯ ಅರ್ಧಭಾಗ ಮಾತ್ರ ಇರುತ್ತದೆ, ನಿಷೇಧ ಎಂದೂ ಇರುವುದಿಲ್ಲ. ಸೋರೆಕಾಯಿಯ ರಸದ ಕಥೆಯೂ ಹೀಗೆಯೇ. ಸೋರೆಕಾಯಿ ನಮ್ಮ ಅಡುಗೆಮನೆಯ ಸೌಮ್ಯ ತರಕಾರಿ. ಆದರೆ ಕಹಿಯಾದ ಸೋರೆಕಾಯಿಯಲ್ಲಿ ಕುಕರ್ಬಿಟಾಸಿನ್ ಎಂಬ ವಿಷಾಂಶವಿದ್ದು, ಅಂಥ ರಸ ಕುಡಿದು ಜನ ಸತ್ತ ಉದಾಹರಣೆಗಳಿವೆ. ರಸ ಕಹಿಯೆನಿಸಿದರೆ ಚೆಲ್ಲಿಬಿಡಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಎಚ್ಚರಿಸಿದ್ದಾರೆ. ಕಹಿ ಇದ್ದಷ್ಟೂ ಗುಣ ಹೆಚ್ಚೆಂದು ಸಾರುವ ಸಂದೇಶ ಈ ಒಂದು ಸಾಲನ್ನು ಬಿಟ್ಟಿರುತ್ತದೆ. ಅಮೃತಬಳ್ಳಿಯನ್ನು ಹೋಲುವ ಬೇರೊಂದು ಬಳ್ಳಿ ಇದೆಯೆಂದೂ, ಅದು ಹಾನಿಕರವಾಗಬಲ್ಲುದೆಂದೂ ಆಯುಷ್ ಸಚಿವಾಲಯವೇ ತಿಳಿಸಬೇಕಾಯಿತು. ಬೇಲಿಯ ಮೇಲಿನ ಬಳ್ಳಿಯನ್ನು ಪರದೆಯ ಮೇಲಿನ ಚಿತ್ರದಿಂದ ಗುರುತಿಸುವುದು ಅಪಾಯ.

ಆಯುರ್ವೇದದಲ್ಲಿ ಅಡ್ಡಪರಿಣಾಮವೇ ಇಲ್ಲ ಎಂಬ ಸಂದೇಶ ದಿನಕ್ಕೊಮ್ಮೆಯಾದರೂ ಬರುತ್ತದೆ. ಇದನ್ನು ಆಯುರ್ವೇದ ವೈದ್ಯನಾಗಿಯೇ ನಾನು ಅಲ್ಲಗಳೆಯುತ್ತೇನೆ. ಪ್ರಮಾಣ, ಕಾಲ, ಪ್ರಕೃತಿ ಅರಿಯದೆ ಕೊಟ್ಟ ಔಷಧ ವಿಷಕ್ಕೆ ಸಮಾನವೆಂಬುದು ನಮ್ಮ ಆಚಾರ್ಯರ ಮತ. ಮಧುಮೇಹಿಯು ವಿಡಿಯೋ ನಂಬಿ ಇನ್ಸುಲಿನ್ ನಿಲ್ಲಿಸುವುದು, ರಕ್ತದೊತ್ತಡದ ಮಾತ್ರೆ ಬಿಟ್ಟು ಕಷಾಯ ಹಿಡಿಯುವುದು ಪ್ರಾಣಕ್ಕೆ ಎರವಾಗುವ ಕೆಲಸ.

ಸತ್ಯವನ್ನು ಅರಿಯಲು ಚರಕರು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂಬ ನಾಲ್ಕು ದಾರಿಗಳನ್ನು ಹೇಳಿದ್ದಾರೆ. ಫೋನಿಗೆ ಬಂದ ಪ್ರತಿ ಆರೋಗ್ಯ ಸಂದೇಶವನ್ನು ಈ ನಾಲ್ಕರಿಂದಲೂ ತೂಗಿ ನೋಡಬಹುದು. ಹೇಳಿದವರು ಆಪ್ತರೇ? ರಜಸ್ತಮೋಗುಣಗಳಿಂದ ಮುಕ್ತರಾದವರು ಆಪ್ತರು. ಮಾತಿನ ಕೊನೆಗೆ ಡಬ್ಬಿ ಮಾರುವವರಲ್ಲಿ ಆ ಲಕ್ಷಣವನ್ನು ಹುಡುಕುವುದು ಕಷ್ಟ. ವೈದ್ಯರೆಂದು ಹೇಳಿಕೊಂಡರೆ ನೋಂದಣಿ ಸಂಖ್ಯೆ ಕೇಳಿರಿ. ನಮ್ಮ ರಾಜ್ಯದಲ್ಲಿ ಆಯುರ್ವೇದ ವೈದ್ಯರು ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಪ್ರತ್ಯಕ್ಷವಾಗಿ ಔಷಧದ ಡಬ್ಬಿಯನ್ನು ನೋಡಿರಿ: ತಯಾರಿಕೆಯ ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ, ಅವಧಿಯ ದಿನಾಂಕ ಇವೆಯೇ? ಅನುಮಾನದಿಂದ ವಿಚಾರಿಸಿರಿ: ಒಂದು ವಾರದಲ್ಲಿ ಮಧುಮೇಹ ಮಾಯವಾಗುವುದಾದರೆ ದೇಶದ ಆಸ್ಪತ್ರೆಗಳು ಏಕೆ ತುಂಬಿವೆ? ಯುಕ್ತಿಯಿಂದ ನಿಶ್ಚಯಿಸಿರಿ: ನನ್ನ ವಯಸ್ಸು, ನನ್ನ ರೋಗ, ನಾನು ಈಗಾಗಲೇ ನುಂಗುತ್ತಿರುವ ಮಾತ್ರೆ ಇವುಗಳಿಗೆ ಇದು ಹೊಂದುವುದೇ? ಮಧುಮೇಹ, ಕ್ಯಾನ್ಸರ್, ಪಾರ್ಶ್ವವಾಯು ಮೊದಲಾದ ರೋಗಗಳನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಅಂಥ ಜಾಹೀರಾತು ಕಂಡರೆ ಅದನ್ನು ಕಾನೂನು ಮುರಿದವರ ಮಾತೆಂದು ತಿಳಿದು ಮುಂದೆ ಸಾಗಿರಿ.

ಧೃತಿ: ತಡೆದು ನಿಲ್ಲುವ ಶಕ್ತಿ

ತಿಳಿದರೂ ನಿಲ್ಲಿಸಲಾಗದ ಸ್ಥಿತಿ ಧೃತಿಭ್ರಂಶ. ಇದರ ಮೊದಲ ಬಲಿ ನಿದ್ರೆ. ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ದೇಹವೆಂಬ ಮನೆಯ ಉಪಸ್ತಂಭಗಳು. ರಾತ್ರಿಯ ಜಾಗರಣೆ ರೂಕ್ಷತೆಯನ್ನೂ ವಾತವನ್ನೂ ಹೆಚ್ಚಿಸುತ್ತದೆಂದು ನಾವು ಹೇಳುತ್ತ ಬಂದಿದ್ದೇವೆ. ನಿದ್ರೆಗೆ ಅನುವಾಗುವ ಮೆಲಟೋನಿನ್ ಎಂಬ ರಸದೂತವು ರಾತ್ರಿಯ ಬೆಳಕಿನಿಂದ ಕುಗ್ಗುತ್ತದೆಂದು ಆಧುನಿಕ ವಿಜ್ಞಾನ ಹೇಳುತ್ತದೆ. ಬೆಳಕಿಗಿಂತಲೂ ಹೆಚ್ಚಿನ ಕೇಡು ವಿಷಯದ್ದು. ಹನ್ನೊಂದು ಗಂಟೆಗೆ ಜಗಳದ ವಿಡಿಯೋ ನೋಡಿದವನ ಮನಸ್ಸು ಹನ್ನೆರಡಕ್ಕೆ ಹೇಗೆ ಶಾಂತವಾದೀತು?

ಕಣ್ಣಿನ ವಿಷಯದಲ್ಲಿ ಶಾಸ್ತ್ರದ ಮಾತು ಇಂದಿಗೆಂದೇ ಬರೆದಂತಿದೆ. ಅತಿ ಹೊಳಪಿನ ವಸ್ತುವನ್ನು ಬಹಳ ನೋಡುವುದು ಅತಿಯೋಗ. ನೋಡಬೇಕಾದುದನ್ನು ನೋಡದಿರುವುದು ಅಯೋಗ. ತೀರ ಸಮೀಪದ, ಭಯಂಕರವಾದ, ಅಸಹ್ಯವಾದ ದೃಶ್ಯಗಳನ್ನು ನೋಡುವುದು ಮಿಥ್ಯಾಯೋಗ. ದೀಪವಾರಿಸಿದ ಕೋಣೆಯಲ್ಲಿ ಗೇಣುದೂರದಲ್ಲಿ ಫೋನು ಹಿಡಿದು ಅಪಘಾತದ ದೃಶ್ಯ ನೋಡುವಾಗ ಅತಿಯೋಗ, ಮಿಥ್ಯಾಯೋಗ ಎರಡೂ ಒಟ್ಟಿಗೇ ಆಗುತ್ತವೆ. ದೂರದ ಗುಡ್ಡವನ್ನು, ಹಸಿರನ್ನು ಕಣ್ಣು ದಿನವಿಡೀ ಕಾಣದಿದ್ದರೆ ಅಯೋಗವೂ ಸೇರುತ್ತದೆ. ಪರದೆ ನೋಡುವಾಗ ನಾವು ಎವೆಯಿಕ್ಕುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ರೂಢಿಯನ್ನು ನೇತ್ರತಜ್ಞರು ಸೂಚಿಸುತ್ತಾರೆ. ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿಯಾದ ನಿಯಮ ಬೇಕು. ಒಂದು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ, 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ತುತ್ತಿಗೊಂದು ವಿಡಿಯೋ ತೋರಿಸಿ ಉಣ್ಣಿಸಿದ ಮಗುವಿಗೆ ಹಸಿವೂ ತಿಳಿಯದು, ತೃಪ್ತಿಯೂ ತಿಳಿಯದು.

ನಿದ್ರೆ ಬಾರದೆಂದು ಬರುವವರಿಗೆ ನಾನು ಔಷಧಕ್ಕಿಂತ ಮೊದಲು ಒಂದು ಚಿಕ್ಕ ನೋಟುಪುಸ್ತಕ ಹೇಳುತ್ತೇನೆ. ಒಂದು ವಾರ, ಪ್ರತಿಸಲ ಫೋನು ಕೈಗೆತ್ತಿಕೊಂಡಾಗ ವೇಳೆಯನ್ನೂ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಬೇಕು. ಕರೆ, ಹಣ, ಕೆಲಸ, ಬೇಸರ, ಸುಮ್ಮನೆ ಎಂದು ಬರೆದರೂ ಸಾಕು. ರೋಗಿಗೆ ಹೇಳುವ ಪಥ್ಯವನ್ನು ವೈದ್ಯನೂ ತಿಳಿದಿರಬೇಕೆಂದು ಈ ಲೆಕ್ಕವನ್ನು ನಾನೂ ಬರೆದು ನೋಡಿದೆ. ಬರೆಯತೊಡಗಿದೊಡನೆ ಕೈ ತಾನಾಗಿಯೇ ತಡೆಯುತ್ತದೆ; ಸುಮ್ಮನೆ ಎಂದು ಬರೆಯಲು ಮನಸ್ಸು ನಾಚುತ್ತದೆ. ಇದನ್ನು ಪಾಲಿಸಿದ ಕೆಲವರಿಗೆ ಆಮೇಲೆ ನಿದ್ರೆಯ ಔಷಧವೇ ಬೇಕಾಗಲಿಲ್ಲ.

ಆಸೆಯಂತೆ ಭಯವೂ ಧೃತಿಯನ್ನು ಕೆಡಿಸುತ್ತದೆ. 2025ರ ಮಾರ್ಚ್ ಕೊನೆಯಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಹಳ್ಳಿಯೊಂದರಲ್ಲಿ ವೃದ್ಧ ದಂಪತಿಗಳು ಪ್ರಾಣ ಕಳೆದುಕೊಂಡರು. ಅಧಿಕಾರಿಗಳ ಸೋಗು ಹಾಕಿದ ವಂಚಕರು ಫೋನಿನಲ್ಲಿ ಅವರನ್ನು ಬೆದರಿಸಿ 50 ಲಕ್ಷ ರೂಪಾಯಿಗೂ ಹೆಚ್ಚು ಹಣ ಕಿತ್ತುಕೊಂಡಿದ್ದರು. ಇಂಥ ವಂಚನೆಗೆ ಡಿಜಿಟಲ್ ಅರೆಸ್ಟ್ ಎಂಬ ಹೆಸರು ಬಿದ್ದಿದೆ. ನಮ್ಮ ದೇಶದ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ಮನ್ ಕೀ ಬಾತ್ ಕಾರ್ಯಕ್ರಮದಲ್ಲಿ ದೇಶಕ್ಕೆಲ್ಲ ತಿಳಿಸಿದ್ದರು. ಪೊಲೀಸರಾಗಲಿ, ನ್ಯಾಯಾಲಯವಾಗಲಿ, ದೂರಸಂಪರ್ಕ ಇಲಾಖೆಯಾಗಲಿ ವಿಡಿಯೋ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ, ಹಣ ಕಟ್ಟಿಸಿಕೊಳ್ಳುವುದೂ ಇಲ್ಲ.

ಈ ವಂಚನೆಗಳಲ್ಲೆಲ್ಲ ಒಂದು ಸಮಾನ ಲಕ್ಷಣವುಂಟು: ಯಾರಿಗೂ ಹೇಳಬೇಡಿ, ಕರೆ ಕಡಿಯಬೇಡಿ ಎಂಬ ಕಟ್ಟಳೆ. ರೋಗವನ್ನು ಮುಚ್ಚಿಟ್ಟರೆ ಬಲಿಯುವಂತೆ ಈ ಭಯವೂ ಮುಚ್ಚಿಟ್ಟಷ್ಟು ಬಲಿಯುತ್ತದೆ. ಆದ್ದರಿಂದ ಅಂಥ ಕರೆ ಬಂದ ಕೂಡಲೇ ಫೋನು ಇಟ್ಟು, ಪಕ್ಕದ ಮನೆಯವರನ್ನಾದರೂ ಕೂಗಿ ಕರೆಯಿರಿ. ಹಣ ಹೋದವರ ಮನೆಯವರಿಗೆ ನನ್ನದೊಂದು ಪ್ರಾರ್ಥನೆ: ಅವರನ್ನು ಹಂಗಿಸಬೇಡಿ. ಹೋದ ಹಣ ಮರಳಿ ಬರಬಹುದು, ನಾಚಿಕೆಯಿಂದ ಹೋದ ಜೀವ ಮರಳದು. ಮನಸ್ಸು ಕುಸಿದವರು ಅಥವಾ ಅವರ ಮನೆಯವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಮಾತನಾಡಬಹುದು.

ಸ್ಮೃತಿ: ಸಮಯಕ್ಕೆ ನೆನಪಾಗಬೇಕಾದ ಮಾತುಗಳು

ಹಿಂದೆ ಹತ್ತಿಪ್ಪತ್ತು ದೂರವಾಣಿ ಸಂಖ್ಯೆಗಳು ಬಾಯಿಪಾಠವಿರುತ್ತಿದ್ದವು. ಇಂದು ಫೋನು ಕೆಟ್ಟರೆ ಮಗನ ಸಂಖ್ಯೆಯೂ ನೆನಪಿಗೆ ಬಾರದು. ಮನೆಯವರ ಎರಡು ಸಂಖ್ಯೆಗಳನ್ನಾದರೂ ಕಂಠಸ್ಥ ಮಾಡಿಕೊಳ್ಳಿರಿ. ಅವುಗಳೊಡನೆ 1930 ಎಂಬ ಸಂಖ್ಯೆಯೂ ಇರಲಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಹೋದ ಕೂಡಲೇ ಇಲ್ಲಿಗೆ ತಿಳಿಸಿದರೆ ಆ ಹಣ ಖಾತೆಯಿಂದ ಖಾತೆಗೆ ಜಿಗಿದು ಮರೆಯಾಗುವ ಮೊದಲೇ ಬ್ಯಾಂಕುಗಳು ತಡೆಹಿಡಿಯುವ ಅವಕಾಶವಿರುತ್ತದೆ. ಹಾವು ಕಚ್ಚಿದಾಗ ಗಳಿಗೆ ಎಣಿಸುವಂತೆ ಇಲ್ಲಿಯೂ ಗಳಿಗೆ ಮುಖ್ಯ.

ಹಣದ ವಿಷಯದಲ್ಲಿ ನೆನಪಿಡಬೇಕಾದ ಸೂತ್ರಗಳು ಕೆಲವೇ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಒಟಿಪಿ ಸಂಖ್ಯೆಯನ್ನು ಫೋನಿನಲ್ಲಿ ಯಾರಿಗೂ ಹೇಳಬಾರದು. ಬ್ಯಾಂಕಿನ ಸಂಖ್ಯೆಯನ್ನು ಪಾಸ್‌ಬುಕ್ಕಿನಿಂದ ತೆಗೆದುಕೊಳ್ಳಬೇಕು. ಹುಡುಕಾಟದಲ್ಲಿ ಸಿಕ್ಕ ಸಂಖ್ಯೆ ವಂಚಕರದ್ದೂ ಆಗಿರಬಹುದು. ಮದುವೆಯ ಕರೆಯೋಲೆಯೆಂದು ಬಂದ ಕಡತದ ಹೆಸರಿನ ಕೊನೆಗೆ ಎಪಿಕೆ ಎಂಬ ಅಕ್ಷರಗಳಿದ್ದರೆ ಅದು ಕರೆಯೋಲೆಯಲ್ಲ, ಫೋನಿನೊಳಗೆ ನುಗ್ಗುವ ತಂತ್ರಾಂಶ, ಮುಟ್ಟಬಾರದು. ದಾಸೋಹಕ್ಕೆ, ಜಾತ್ರೆಗೆ ಕಾಣಿಕೆ ಕೇಳುವ ಕ್ಯೂಆರ್ ಕೋಡ್ ಗುಂಪಿನಲ್ಲಿ ಬಂದರೆ ಕಾರ್ಯಾಲಯಕ್ಕೆ ಕರೆ ಮಾಡಿ ಖಚಿತಪಡಿಸಿಕೊಂಡು, ಪರದೆಯ ಮೇಲೆ ಬರುವ ಹೆಸರನ್ನು ಓದಿ, ಆಮೇಲೆ ಹಣ ಕಳಿಸಿರಿ. ಭಕ್ತಿಗೆ ವಿಚಾರಣೆ ಅಡ್ಡಿಯಲ್ಲ.

ಇನ್ನೊಂದು ಸ್ಮೃತಿ, ನಾವು ಕಳಿಸುವ ಸಂದೇಶದ್ದು. 2018ರ ಜುಲೈ 13ರಂದು ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ಪರವೂರಿನ ಪ್ರಯಾಣಿಕರನ್ನು ಮಕ್ಕಳ ಕಳ್ಳರೆಂದು ಸಂಶಯಿಸಿದ ಜನ ಹೊಡೆದು, ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಕೊಂದರು. ಅವರ ಕಾರು ಮುಂದಿನ ಊರನ್ನು ಮುಟ್ಟುವ ಮೊದಲೇ ವಾಟ್ಸಾಪ್ ಸಂದೇಶ ಮುಟ್ಟಿತ್ತು. ದೇಶದ ಹಲವೆಡೆ ಇಂಥ ಕೊಲೆಗಳಾದಾಗ ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ಕಳಿಸದಂತೆ ಮಿತಿ ಹಾಕುವುದಾಗಿ ಹೇಳಿತು. 2020ರ ಏಪ್ರಿಲ್‌ನಲ್ಲಿ, ಬಹಳ ಕೈಗಳನ್ನು ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂಬ ನಿಯಮ ಬಂತು. ಅಂಥ ಸಂದೇಶದ ಮೇಲೆ ಜೋಡಿ ಬಾಣದ ಗುರುತಿರುತ್ತದೆ. ಬರೆದವರು ಯಾರೋ ತಿಳಿಯದು, ಹಲವು ಕೈಗಳು ದಾಟಿಸಿವೆ ಎಂಬುದೇ ಆ ಗುರುತಿನ ಅರ್ಥ. ಮುಂದೆ ಕಳಿಸಿದೊಡನೆ ಆ ಮಾತು ನಮ್ಮದೂ ಆಗುತ್ತದೆ. ನನಗೆ ಬಂದದ್ದನ್ನು ಕಳಿಸಿದೆನಷ್ಟೇ ಎಂಬ ಸಮಾಧಾನ ಅಲ್ಲಿ ಸಲ್ಲದು.

ದಿನಚರಿಯಲ್ಲಿ ಫೋನಿನ ಸ್ಥಾನ

ಹಾಗಾದರೆ ಆಚರಣೆಗೆ ತರಬೇಕಾದುದೇನು? ಬೆಳಗ್ಗೆ ಎದ್ದು ಶೌಚ, ದಂತಧಾವನ, ಸ್ನಾನ, ಲಿಂಗಪೂಜೆ ಮುಗಿಯುವವರೆಗೆ ಫೋನು ಮುಟ್ಟದಿರುವುದು ಮೊದಲ ನಿಯಮ. ಇಷ್ಟಲಿಂಗವನ್ನು ಹಿಡಿಯುವ ಅಂಗೈಗೆ ಆ ಮೊದಲ ಗಳಿಗೆಯನ್ನು ಬಿಟ್ಟುಕೊಡಬೇಕು. ಊಟದ ತಾಟಿನ ಹತ್ತಿರ ಫೋನು ಬೇಡ. ಮಾತನಾಡದೆ, ನಗದೆ, ಮನಸ್ಸಿಟ್ಟು ಉಣ್ಣಬೇಕೆಂಬುದು ಆಹಾರವಿಧಿ. ಶೌಚಾಲಯಕ್ಕೆ ಫೋನು ಒಯ್ಯುವುದು ಬೇಡ. ಅಲ್ಲಿ ಬಹಳ ಹೊತ್ತು ಕುಳಿತಿರುವುದು ಮೂಲವ್ಯಾಧಿಗೆ ದಾರಿ. ಮಲಗುವ ಒಂದು ಗಂಟೆ ಮೊದಲು ಫೋನು ನಡುಮನೆಯ ಗೂಡಿನಲ್ಲಿ ಇರಲಿ, ಎಬ್ಬಿಸಲು ಅಲಾರಂ ಗಡಿಯಾರ ಸಾಕು. ವೃದ್ಧರಿರುವ ಮನೆಯಲ್ಲಿ ತುರ್ತು ಕರೆಗೆಂದು ಗಂಟೆಯ ಸದ್ದನ್ನು ಮಾತ್ರ ತೆರೆದಿಡಿರಿ. ವಾಟ್ಸಾಪಿನಲ್ಲಿ ಆರು ಅಂಕಿಗಳ ಎರಡನೆಯ ಬೀಗ ಹಾಕುವ ಸೌಲಭ್ಯವಿದೆ. ಅದನ್ನು ಇಂದೇ ಹಾಕಿಸಿಕೊಳ್ಳಿರಿ.

ಕೊನೆಯದಾಗಿ, ಕಲಿಯುವ ಮತ್ತು ಕಲಿಸುವ ಮಾತು. ಗುಂಡಿಗಳ ವಿದ್ಯೆಯನ್ನು ಮೊಮ್ಮಕ್ಕಳು ಅಜ್ಜ ಅಜ್ಜಿಯರಿಗೆ ಕಲಿಸಲಿ; ಒಮ್ಮೆ ಹೇಳಿದರೆ ತಿಳಿಯದಿದ್ದಾಗ ಸಿಡುಕದೆ ನಾಲ್ಕು ಸಲ ಹೇಳಲಿ. ಮಾತನ್ನು ತೂಗಿ ನಂಬುವ, ಆತುರಪಡದೆ ಒಂದು ರಾತ್ರಿ ಯೋಚಿಸುವ ರೂಢಿಯನ್ನು ಹಿರಿಯರು ಮೊಮ್ಮಕ್ಕಳಿಗೆ ಕಲಿಸಲಿ. ವಾರಕ್ಕೊಂದು ಸಂಜೆ ಅರ್ಧ ಗಂಟೆ ಮನೆಮಂದಿಯೆಲ್ಲ ಕುಳಿತು, ಆ ವಾರ ಬಂದ ಸಂಶಯದ ಕರೆಗಳನ್ನೂ ಸಂದೇಶಗಳನ್ನೂ ಒಬ್ಬರಿಗೊಬ್ಬರು ಹೇಳಿಕೊಂಡರೆ ಅದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ. ಈ ಸಂಚಿಕೆಯನ್ನು ಓದಿ ಮುಗಿಸಿದವರು ಮನೆಯ ಗೋಡೆಯ ಮೇಲಿನ ದಿನದರ್ಶಿಕೆಯಲ್ಲಿ 1930 ಮತ್ತು 14416 ಎಂಬ ಎರಡು ಸಂಖ್ಯೆಗಳನ್ನು ಎಲ್ಲರ ಕಣ್ಣಿಗೂ ಬೀಳುವಷ್ಟು ದಪ್ಪ ಅಕ್ಷರಗಳಲ್ಲಿ ಬರೆದಿಡಬೇಕೆಂದು ವಿನಂತಿಸುತ್ತೇನೆ. ಎಲ್ಲರಿಗೂ ಆರೋಗ್ಯ ಲಭಿಸಲಿ.